ಮರಗಸಿ ಸಿದ್ದಬಸಪ್ಪನ ಕದಲದ ಕಣ್ಣು

ಕೆ. ಹೊಸಕೋಟೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಎಂದರೆ, ಮಳೆಗಾಲ ಹಿಡಿಯುವ ಮೊದಲು ನೆರಳಿನ ಮರಗಳ ರೆಂಬೆ ಸವರಿ ಕೆಳಗಿನ ಗಿಡಗಳಿಗೆ ಬೇಕಾದಷ್ಟೇ ಬೆಳಕು ಬಿಡುವ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಅತ್ತಿ, ಬಸರಿ, ನಂದಿ ಮರಗಳ ನೆತ್ತಿಗೆ ಹೋಗಿ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದರಲ್ಲಿ ಮಚ್ಚು ಬೀಸಿ, ಕಡಿದದ್ದು ಕಾಫಿ ಗಿಡದ ಮೇಲೆ ಬೀಳದಂತೆ ಸಾಲಿನ ನಡುವೆ ಬೀಳಿಸುವವರು ಹೋಬಳಿಗೆಲ್ಲ ಬೆರಳೆಣಿಕೆಯಷ್ಟು ಜನ. ಸಿದ್ದಬಸಪ್ಪ ಅವರಲ್ಲಿ ಒಬ್ಬ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ. ಅವನ ಹೆಂಡತಿ ನಾಗರತ್ನಮ್ಮ ಬೇಲಿಯ ಆ ಕಡೆ ನಿಂತು ನಮ್ಮ ತಾಯಿಗೆ ಹೇಳಿದ್ದು, ಅವನು ನಮ್ಮ ಜಗಲಿಯ ಮೇಲೆ ಕೂತು ಹೇಳಿದ್ದು, ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ ಕೆಲಸ ಕಲಿಸಿದವನು ರುದ್ರಯ್ಯ ಎಂಬ ಮುದುಕ. ಮಚ್ಚು ಹಿಡಿಯುವುದನ್ನು ಕಲಿಸುವ ಮೊದಲು ರುದ್ರಯ್ಯ ನೋಡುವುದನ್ನು ಕಲಿಸುತ್ತಿದ್ದನಂತೆ. ಗಾಳಿಗೆ ಕೊಂಬೆ ತೂಗಿದಾಗ ಎಲೆಯನ್ನಾಗಲಿ, ಆಕಾಶವನ್ನಾಗಲಿ, ನೆಲವನ್ನಾಗಲಿ ನೋಡಕೂಡದು. ಎದುರಿಗಿರುವ ತೊಗಟೆಯಲ್ಲಿ ಒಂದು ಗಂಟನ್ನು ಆರಿಸಿಕೊಂಡು ಅದರ ಮೇಲೆ ನೋಟವನ್ನು ಊರಬೇಕು. ಸುತ್ತಲಿನದೆಲ್ಲ ಓಡಿದರೂ ಆ ಗಂಟು ಓಡಲು ಬಿಡಕೂಡದು. ಗಂಟು ನಿಂತರೆ ತಲೆ ನಿಲ್ಲುತ್ತದೆ, ತಲೆ ನಿಂತರೆ ಕಾಲು ನಿಲ್ಲುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೀಗೆ ನೋಟ ಊರಿ ಊರಿ, ಸಿದ್ದಬಸಪ್ಪನಿಗೆ ಅದು ನೆಲದ ಮೇಲೂ ಬಿಡದ ಅಭ್ಯಾಸವಾಗಿತ್ತು. ಯಾರೊಡನೆ ಮಾತಾಡಿದರೂ ಅವರ ಅಂಗಿಯ ಒಂದು ಗುಂಡಿಯನ್ನೋ ಕೊರಳಿನ ಲಿಂಗದ ಕರಡಿಗೆಯನ್ನೋ ಹಿಡಿದು ನೋಡುತ್ತಿದ್ದ. ಹೊಸಬರಿಗೆ ಮುಜುಗರವಾಗುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಯುಗಾದಿ ಕಳೆದು, ಹೂಮಳೆ ಬಿದ್ದು, ಕಾಫಿ ಹೂವು ಬಾಡುವ ಹೊತ್ತಿಗೆ ಅವನಿಗೆ ನೆಗಡಿ ಜ್ವರ ಬಂದು ಹೋಯಿತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಕಣ್ಣು ತೆರೆದರೆ ಮಾಡಿನ ಹೆಂಚುಗಳೆಲ್ಲ ಸಾಲಾಗಿ ಬಲಗಡೆಗೆ ಓಡುತ್ತಿದ್ದವು. ಕಣ್ಣು ಮುಚ್ಚಿದರೆ ಮಲಗಿದ್ದ ಚಾಪೆಯೇ ತಿರುಗುತ್ತಿತ್ತು. ಒಂದು ಹೆಂಚನ್ನು ಆರಿಸಿ ನೋಟ ಊರಲು ನೋಡಿದ. ಹೆಂಚು ಕೈಗೆ ಸಿಗದ ಮೀನಿನಂತೆ ಜಾರಿಹೋಗುತ್ತಿತ್ತು. ಎದ್ದು ಕೂತವನು ಎಡಕ್ಕೆ ಒರಗಿ ಬಿದ್ದ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ನಾಗರತ್ನಮ್ಮ ಪಿತ್ತವೆಂದು ನಿಂಬೆಹಣ್ಣು, ಶುಂಠಿ, ಜೀರಿಗೆ ಕಷಾಯ ಎಲ್ಲ ಮಾಡಿದಳು. ನೋಡಲು ಬಂದವರಲ್ಲಿ ಒಬ್ಬರು ನಿಶ್ಶಕ್ತಿ ಎಂದರು, ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಕಳೆದ ವರ್ಷ ಕಡಿದ ಬಸರಿ ಮರದಲ್ಲಿ ಏನೋ ಇತ್ತು ಎಂದರು. ಆಲೂರಿನಿಂದ ಬಂದ ಡಾಕ್ಟರು ಕಿವಿಯ ಒಳಗಿನ ನರಕ್ಕೆ ಜ್ವರದ ತೊಂದರೆ ತಗಲಿದೆ ಎಂದು ಹೇಳಿ ತಲೆಸುತ್ತಿಗೆ ಮಾತ್ರೆ ಕೊಟ್ಟರು. ಕಿವಿಗೂ ನೆಟ್ಟಗೆ ನಿಲ್ಲುವುದಕ್ಕೂ ಏನು ಸಂಬಂಧ ಎಂದು ಯಾರಿಗೂ ತಿಳಿಯಲಿಲ್ಲ. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಮಾತ್ರೆ ನುಂಗಿದ. ದಿನ ಕಳೆದಂತೆ ಹೆಂಚುಗಳು ನಿಂತವು. ಗೋಡೆ ಹಿಡಿದು ನಡೆದ, ಆಮೇಲೆ ಗೋಡೆ ಬಿಟ್ಟು ನಡೆದ, ಆಮೇಲೆ ಹೊಳೆಯವರೆಗೂ ಹೋಗಿಬಂದ. ಮರಗಸಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮಚ್ಚು ಮಸೆದುಕೊಂಡು ತೋಟಕ್ಕೆ ಹೋದ.

ತೋಟದ ಲೆಕ್ಕಪತ್ರ, ಆಳುಗಳ ಉಸ್ತುವಾರಿ ನೋಡುವ ರೈಟರ್ ಚಂದ್ರಯ್ಯನವರು ಅವನನ್ನು ಮರ ಹತ್ತಲು ಬಿಡಲಿಲ್ಲ. ಹಿಂದಿನ ವರ್ಷ ಹಾನುಬಾಳು ಕಡೆಯ ಒಂದು ತೋಟದಲ್ಲಿ ತಲೆಸುತ್ತು ಬಂದು ಮರದಿಂದ ಬಿದ್ದ ಆಳೊಬ್ಬ ಸೊಂಟ ಮುರಿದುಕೊಂಡು ಇನ್ನೂ ಮಲಗಿದ್ದ. ಅದನ್ನು ಕಣ್ಣಾರೆ ಕಂಡುಬಂದ ತೋಟದ ಸಾಹುಕಾರರು, ಕಿವಿ ಡಾಕ್ಟರೊಬ್ಬರು ಪರೀಕ್ಷೆ ಮಾಡಿ ಸರಿಯಿದೆ ಎಂದರೆ ಮಾತ್ರ ಸಿದ್ದಬಸಪ್ಪನನ್ನು ಹತ್ತಿಸಬೇಕು, ಇಲ್ಲದಿದ್ದರೆ ಕೆಳಗಿನ ಕೆಲಸಕ್ಕೆ ಹಾಕಬೇಕು, ಅವನು ನಡೆಸುತ್ತಿದ್ದ ಮರಗಸಿಯ ಗುಂಪನ್ನು ತೋಟಪ್ಪನ ಕೈಗೆ ಕೊಡಬೇಕು ಎಂದು ಹೇಳಿಹೋಗಿದ್ದರು.

ತೋಟಪ್ಪ ಅದೇ ಗುಂಪಿನ ಹುರುಪಿನ ಆಳು. ಮರ ಹತ್ತುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಕೈ ತಡೆಯಲು ಬಾರದು. ಅವನು ಇಳಿದುಬಂದ ಮರ ಬೋಳಾಗಿರುತ್ತಿತ್ತು. ಕೆಳಗಿನ ಕೆಲಸವೆಂದರೆ ಕಡಿದ ಸೊಪ್ಪು ಎಳೆದು ಹಾಕುವುದು, ಕಳೆ ತೆಗೆಯುವುದು. ಸಿದ್ದಬಸಪ್ಪ ಕಲಿಸಿದ ಆಳುಗಳು ಮೇಲಿನಿಂದ ಎಸೆದದ್ದನ್ನು ಅವನು ಬಗ್ಗಿ ಎತ್ತಬೇಕು.

ಹಾಗೆಂದು ಅವನಿಗೆ ತನ್ನ ಮೇಲೆ ಪೂರ್ತಿ ಧೈರ್ಯವೂ ಇರಲಿಲ್ಲ. ಕತ್ತಲಲ್ಲಿ ಹಿತ್ತಿಲಿಗೆ ಹೋಗುವಾಗ ಒಮ್ಮೊಮ್ಮೆ ಎಡಗಾಲು ನೆಲವನ್ನು ಹುಡುಕುತ್ತಿತ್ತು. ಅದು ಕಾಯಿಲೆಯೋ, ಮಲಗಿದ್ದು ಎದ್ದ ಸುಸ್ತೋ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ನೋಡಿ ಒಂದು ಮಾತು ಹೇಳಿಬಿಟ್ಟರೆ ತನಗೂ ಸಮಾಧಾನ ಎಂದುಕೊಂಡು ಮೈಸೂರಿಗೆ ಹೊರಟ.

ಕರೆದುಕೊಂಡು ಹೋದವನು ಜಬ್ಬಾರ್. ಸಕಲೇಶಪುರದ ಲಾರಿ ಡ್ರೈವರ್, ತೋಟಕ್ಕೆ ಗೊಬ್ಬರ ತರಲು ಮೈಸೂರಿಗೆ ಹೋಗಿಬರುತ್ತಿದ್ದ. ಸಿದ್ದಬಸಪ್ಪನಿಗೂ ಅವನಿಗೂ ಬಹಳ ಕಾಲದ ಸಲಿಗೆ. ಕಿವಿ ಡಾಕ್ಟರ ಪರೀಕ್ಷೆಯಲ್ಲಿ ಕಿವಿಗೆ ನೀರು ಬಿಟ್ಟು ಕಣ್ಣು ನೋಡುತ್ತಾರೆ ಎಂದು ಚಂದ್ರಯ್ಯನವರು ಯಾರಿಂದಲೋ ಕೇಳಿ ಹೇಳಿದ್ದರು. ಕಣ್ಣು ನೋಡುವ ಪರೀಕ್ಷೆ ಎಂದ ಮೇಲೆ ಜಬ್ಬಾರ್‌ಗೆ ಅದರ ಬಗ್ಗೆ ಎಲ್ಲ ಗೊತ್ತಿತ್ತು. ಲೈಸೆನ್ಸ್ ಮಾಡಿಸುವಾಗ ಅವನ ಕಣ್ಣನ್ನೂ ನೋಡಿದ್ದರು. ಅವನ ಜೊತೆ ಬಂದಿದ್ದ ಒಬ್ಬ ಕಣ್ಣನ್ನು ಅತ್ತಿತ್ತ ಓಡಿಸಿದ್ದಕ್ಕೆ ವಾಪಸ್ ಕಳಿಸಿಬಿಟ್ಟಿದ್ದರಂತೆ.

"ನೋಡು ಬಸಪ್ಪಣ್ಣ, ಅವರು ಏನ್ ಮಾಡಿದ್ರೂ ಕಣ್ಣು ಅಲ್ಲಾಡಿಸಬೇಡ. ಅಲ್ಲಾಡ್ತೋ, ಫೇಲು," ಎಂದ ಜಬ್ಬಾರ್.

"ಅದೊಂದು ನಂಗೆ ಬತ್ತದೆ ಬಿಡು," ಎಂದ ಸಿದ್ದಬಸಪ್ಪ.

ಇಬ್ಬರಿಗೂ ನೆಮ್ಮದಿಯಾಯಿತು. ಹೊಳೆನರಸೀಪುರದ ಹತ್ತಿರ ಲಾರಿ ನಿಲ್ಲಿಸಿ ಚಹಾ ಕುಡಿದರು. ಪರೀಕ್ಷೆಯಲ್ಲಿ ತಲೆ ಸುತ್ತಬಾರದಲ್ಲ ಎಂದು ಸಿದ್ದಬಸಪ್ಪ ಚಹಾದ ಜೊತೆ ಆಲೂರಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ನುಂಗಿದ. ಜಬ್ಬಾರ್ ಮುಂಜಾಗ್ರತೆಗೆ ಇರಲಿ ಎಂದು ಇನ್ನೊಂದನ್ನೂ ನುಂಗಿಸಿದ.

ಮೈಸೂರಿನ ಡಾಕ್ಟರು ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ಮೊದಲು ಕಿವಿಯ ಗುಗ್ಗೆ ತೆಗೆದರು. ದಿಂಬು ಕೊಟ್ಟು ತಲೆ ಸ್ವಲ್ಪ ಎತ್ತರವಾಗುವಂತೆ ಮಲಗಿಸಿದರು. ಗೋಡೆಯ ಮೊಳೆಗೆ ನೀರಿನ ಡಬ್ಬಿ, ಅದರಿಂದ ಇಳಿಬಿದ್ದ ರಬ್ಬರ್ ಕೊಳವೆ. ಮೇಲೆ ನೇರವಾಗಿ ನೋಡುತ್ತಿರಿ ಎಂದು ಹೇಳಿ ಎಡಕಿವಿಗೆ ತಣ್ಣೀರು ಬಿಟ್ಟರು. ಕೈಯಲ್ಲಿ ಗಡಿಯಾರ ಹಿಡಿದು ಅವನ ಮುಖದ ಮೇಲೆ ಬಗ್ಗಿ ನಿಂತರು.

ಸಿದ್ದಬಸಪ್ಪ ಸೂರಿನ ತೊಲೆಯಲ್ಲಿ ಒಂದು ಗಂಟನ್ನು ಆಗಲೇ ಆರಿಸಿಕೊಂಡಿದ್ದ. ನೀರು ಒಳಗೆ ಹೋದಂತೆ ಮಂಚ ನಿಧಾನವಾಗಿ ತೇಲಿದ ಹಾಗಾಯಿತು. ಗಂಟು ಕದಲಬೇಕೆಂದು ಹೊರಟಿತು. ಅವನು ಬಿಡಲಿಲ್ಲ. ಹಲ್ಲು ಕಚ್ಚಿ ನೋಟ ಊರಿದ. ಡಾಕ್ಟರು ಕಾದರು. ಬಲಕಿವಿಗೂ ಬಿಟ್ಟರು. ಬಿಸಿನೀರಿನಲ್ಲೂ ನೋಡಿದರು. ಅವನ ಕಣ್ಣು ತೊಲೆಗೆ ಮೊಳೆ ಹೊಡೆದಂತೆ ನಿಂತಿತ್ತು.

ಹೊರಗೆ ಕಾದಿದ್ದ ಜಬ್ಬಾರ್‌ಗೆ ಸಿದ್ದಬಸಪ್ಪ, ಒಂಚೂರೂ ಅಲ್ಲಾಡಿಸಲಿಲ್ಲ ಎಂದು ಹೇಳಿದ. ಜಬ್ಬಾರ್ ಬೆನ್ನು ತಟ್ಟಿದ. ಸ್ವಲ್ಪ ಹೊತ್ತಿಗೆ ಡಾಕ್ಟರು ಇಬ್ಬರನ್ನೂ ಒಳಗೆ ಕರೆದು ಎರಡು ಕಿವಿಯೂ ಕೆಲಸ ಮಾಡುತ್ತಿರುವಂತೆ ಕಾಣುವುದಿಲ್ಲ ಎಂದರು.

ಜಬ್ಬಾರ್ ನಂಬಲಿಲ್ಲ. ಇವರ ಕಣ್ಣು ಅಲ್ಲಾಡಲೇ ಇಲ್ಲವಲ್ಲ ಎಂದು ವಾದಿಸಿದ. ಅಲ್ಲಾಡಬೇಕಿತ್ತು ಎಂದರು ಡಾಕ್ಟರು. ಕಿವಿಯ ಒಳಗೆ ನೀರಿನಂಥ ರಸ ತುಂಬಿದ ಸಣ್ಣ ಕೊಳವೆಗಳಿವೆ. ಹೊರಗಿನಿಂದ ತಣ್ಣಗೆ ಅಥವಾ ಬಿಸಿಯಾಗಿ ನೀರು ಬಿಟ್ಟರೆ ಒಳಗಿನ ರಸ ಹರಿಯುತ್ತದೆ. ತಲೆ ತಿರುಗುತ್ತಿದೆ ಎಂದು ಕಣ್ಣಿಗೆ ಸುದ್ದಿ ಮುಟ್ಟುತ್ತದೆ. ಕಣ್ಣು ಒಂದು ಕಡೆಗೆ ಜಾರಿ ತಟ್ಟನೆ ಹಿಂದಕ್ಕೆ ಬರುತ್ತದೆ, ಮತ್ತೆ ಜಾರುತ್ತದೆ. ಹಾಗೆ ಅಲ್ಲಾಡಿದರೆ ಕಿವಿ ಬದುಕಿದೆ ಎಂದು ಅರ್ಥ.

ಸಿದ್ದಬಸಪ್ಪನ ತಲೆಗೆ ಇದು ಹೋಗಲಿಲ್ಲ. ಅಲ್ಲಾಡುವುದು ಒಳ್ಳೆಯದು, ನಿಲ್ಲುವುದು ಕೆಟ್ಟದ್ದು ಎನ್ನುವ ಲೋಕವನ್ನು ಅವನು ಕಂಡಿರಲಿಲ್ಲ. ಡಾಕ್ಟರಿಗೂ ಗೊಂದಲವಿತ್ತು. ಅವನನ್ನು ಹಜಾರದಲ್ಲಿ ನೆಲಕ್ಕೆ ಹಾಸಿದ ಕಲ್ಲಿನ ಒಂದು ಸಾಲು ಹಿಡಿದು ನಡೆಸಿದರು. ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಸ್ವಲ್ಪ ತೂಗಿದರೂ ಬೀಳಲಿಲ್ಲ. ಎರಡು ಕಿವಿಯೂ ಸತ್ತವರು ಹೀಗೆ ನಿಲ್ಲುವುದಿಲ್ಲ ಎಂದು ಅವರು ತಮಗೆ ತಾವೇ ಎನ್ನುವಂತೆ ಹೇಳಿಕೊಂಡರು. ಆಮೇಲೆ ಏನಾದರೂ ಔಷಧಿ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಅವನು ಚಹಾದ ಜೊತೆ ನುಂಗಿದ್ದನ್ನು ಹೇಳಿದ. ಡಾಕ್ಟರು ನೆತ್ತಿ ಸವರಿಕೊಂಡರು. ಆ ಮಾತ್ರೆ ಇದೇ ಕಣ್ಣಿನ ಓಟವನ್ನು ಅಡಗಿಸುವಂಥದ್ದು, ಅದನ್ನು ಬಿಟ್ಟು ಕೆಲವು ದಿನ ಕಳೆದ ಮೇಲೆ ಬನ್ನಿ, ಇವತ್ತಿನದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದರು.

ಊರಿಗೆ ಬಂದ ಮೇಲೆ ನಾಗರತ್ನಮ್ಮ ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ ಕೇಳಿದಳು. ಜಬ್ಬಾರ್ ಹೇಳಿದ್ದು ಒಂದು ಬಗೆ, ಗಂಡ ಹೇಳಿದ್ದು ಇನ್ನೊಂದು ಬಗೆ. ಕೊನೆಗೆ ಅವಳು, "ನಂಗೆ ಇಷ್ಟು ಹೇಳ್ರಪ್ಪ. ಕಣ್ಣು ಅಲ್ಲಾಡಿದ್ರೆ ಇವ್ರು ಮರ ಹತ್ತಬೋದಾ, ಅಲ್ಲಾಡದಿದ್ರೆ ಹತ್ತಬೋದಾ?" ಎಂದಳು.

"ಪರೀಕ್ಷೆ ಮಾಡೋವಾಗ ಅಲ್ಲಾಡಬೇಕು, ಮರದ ಮೇಲೆ ಅಲ್ಲಾಡಬಾರದು ಕಣಕ್ಕ," ಎಂದ ಜಬ್ಬಾರ್.

"ಅಂದ್ರೆ ಆಸ್ಪತ್ರೆಗೊಂದು ಕಣ್ಣು, ಮರಕ್ಕೊಂದು ಕಣ್ಣು ಇಟ್ಕಬೇಕಾ? ನೀನು ಮಾತ್ರೆ ನುಂಗ್ಸಿದ್ದೇ ಸಾಕು, ಇನ್ಮ್ಯಾಕೆ ಲಾರಿ ಮಾತ್ರ ಓಡ್ಸಪ್ಪ."

ಜಬ್ಬಾರ್ ನಗುತ್ತಾ ಎದ್ದುಹೋದ. ತೋಟದಲ್ಲಿ ಸುದ್ದಿ ಬೇರೆ ರೂಪದಲ್ಲಿ ಹರಡಿತ್ತು. ಬಸಪ್ಪನ ಎರಡು ಕಿವಿಯೂ ಹೋಗಿವೆಯಂತೆ ಎಂದು ಕೇಳಿ ಆಳುಗಳು ಅವನ ಹತ್ತಿರ ಬಂದು ಜೋರಾಗಿ ಕೂಗಿ ಮಾತಾಡುತ್ತಿದ್ದರು. ಅವನು ಪಿಸುಗುಟ್ಟಿದ್ದೂ ಕೇಳಿಸುತ್ತದೆ ಎಂದರೆ, ಮತ್ತೆ ಡಾಕ್ಟರು ಯಾಕೆ ಹಾಗೆಂದರು ಎಂದು ಕೇಳುತ್ತಿದ್ದರು. ಚಂದ್ರಯ್ಯನವರು ತೋಟಪ್ಪನಿಗೆ ಗುಂಪನ್ನು ಒಪ್ಪಿಸಿದರು. ಹಾಲುವಾಣದ ಮರಗಳಿಂದ ಕೆಲಸ ಶುರುವಾಯಿತು. ಸಿದ್ದಬಸಪ್ಪ ಸೊಪ್ಪು ಎಳೆಯುತ್ತಾ ಮೇಲೆ ನೋಡಿದರೆ ಹಾಳೆಯಷ್ಟಗಲದ ಆಕಾಶ ಕಾಣಬೇಕಾದಲ್ಲಿ ಕಂಬಳಿಯಷ್ಟು ಕಾಣುತ್ತಿತ್ತು. ಸಂಜೆ ಮನೆಗೆ ಬಂದು ಊಟ ಮಾಡದೆ ಮಲಗಿದ ಎಂದು ನಾಗರತ್ನಮ್ಮ ನಮ್ಮ ತಾಯಿಗೆ ಹೇಳಿದಳು.

ಮಾತ್ರೆ ಬಿಟ್ಟು ಮತ್ತೆ ಮೈಸೂರಿಗೆ ಹೋದ. ಈ ಸಲ ನಾಗರತ್ನಮ್ಮನೂ ಜೊತೆಗೆ ಹೋದಳು. ಲಾರಿಯಲ್ಲಿ ಅಲ್ಲ, ಹಾಸನದವರೆಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ. ಜಬ್ಬಾರ್ ಹೇಳಿದ್ದನ್ನು ಮರೆತುಬಿಡಿ, ಅವರು ಹೇಳಿದಂತೆ ಮಾಡಿ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳಂತೆ.

ಡಾಕ್ಟರು ಮೊದಲು ಬಲಕಿವಿಗೆ ನೀರು ಬಿಟ್ಟರು. ರೋಗಿ ಸುಮ್ಮನೆ ಮಂಪರಿನಲ್ಲಿ ಮಲಗಿದರೂ ಕಣ್ಣು ಸರಿಯಾಗಿ ಓಡುವುದಿಲ್ಲವಂತೆ, ಅದಕ್ಕೆ ಮಾತಾಡಿಸುತ್ತಾ ಇದ್ದರು. ನಿಮ್ಮ ತೋಟದಲ್ಲಿ ಏನೇನು ಮರಗಳಿವೆ, ಒಂದೊಂದಾಗಿ ಹೇಳಿ ಎಂದರು. ಸಿದ್ದಬಸಪ್ಪ ಅತ್ತಿ, ಬಸರಿ, ಗೋಣಿ, ನಂದಿ, ಹಲಸು, ಸಿಲ್ವರ್ ಓಕ್ ಎಂದು ಹೇಳುತ್ತಾ ಗೇಟಿನಿಂದ ಕಾಫಿ ಒಣಗಿಸುವ ಕಣದವರೆಗೂ ಮನಸ್ಸಿನಲ್ಲೇ ನಡೆದುಹೋದ. ಅಷ್ಟರಲ್ಲಿ ತೊಲೆ ಜೋರಾಗಿ ಓಡತೊಡಗಿತು. ಡಾಕ್ಟರು ಗಡಿಯಾರ ನೋಡಿ ತಲೆದೂಗಿದರು. ಬಲಕಿವಿ ಚೆನ್ನಾಗಿದೆ ಎಂದರು.

ಸ್ವಲ್ಪ ಹೊತ್ತು ಬಿಟ್ಟು ಎಡಕಿವಿಗೆ ಬಿಟ್ಟರು. ಇದು ಕಾಯಿಲೆ ಬಂದಿದ್ದ ಕಿವಿ. ಸಿದ್ದಬಸಪ್ಪನಿಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವನ ಕಣ್ಣಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಮರದ ಹೆಸರು ಹೇಳುತ್ತಲೇ ಇದ್ದ, ಕಣ್ಣು ತಾನಾಗಿ ಹೋಗಿ ತೊಲೆಯ ಗಂಟನ್ನು ಹಿಡಿದುಕೊಂಡಿತ್ತು. ಡಾಕ್ಟರು ಬಹಳ ಹೊತ್ತು ನೋಡಿ ನೀರಿನ ಕೊಳವೆ ಕೆಳಗಿಟ್ಟರು. ಎಡಗಡೆ ಬಹಳ ದುರ್ಬಲ, ಮರ ಹತ್ತುವುದು ಬೇಡ ಎಂದರು.

ನಾಗರತ್ನಮ್ಮ ಗಂಡನ ಮುಖ ನೋಡುತ್ತಿದ್ದಳು. ಆಮೇಲೆ, "ಇವ್ರು ಹಿಡ್ಕಂಡಿದ್ರು ಸ್ವಾಮಿ," ಎಂದಳು.

ಡಾಕ್ಟರು ತಿರುಗಿದರು. "ಏನು ಹಿಡ್ಕೊಂಡಿದ್ರು?"

"ಕಣ್ಣು. ದವಡೆ ನೋಡಿದ್ರೆ ನಂಗೆ ಗೊತ್ತಾಗ್ತದೆ."

ಸಿದ್ದಬಸಪ್ಪ ನಾಚಿಕೆಯಿಂದ ಎದ್ದು ಕೂತು ರುದ್ರಯ್ಯ ಕಲಿಸಿದ್ದನ್ನು ಹೇಳಿದ. ಬೇಕೆಂದು ಮಾಡಿದ್ದಲ್ಲ, ಅದು ಹಾಗೆ ಹೋಗಿ ಕೂತುಬಿಡುತ್ತದೆ ಎಂದ. ಡಾಕ್ಟರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಮರದ ಮೇಲೆ ಗಾಳಿ ಬಂದರೆ ಏನು ಮಾಡುತ್ತೀರಿ, ಇಳಿಯುವಾಗ ಎಲ್ಲಿ ನೋಡುತ್ತೀರಿ ಎಂದೆಲ್ಲ ಕೇಳಿದರು. ಒಂದು ಬಿಂದುವನ್ನು ದಿಟ್ಟಿಸಿದರೆ ಕಣ್ಣಿನ ಓಟ ಸ್ವಲ್ಪಮಟ್ಟಿಗೆ ತಗ್ಗುತ್ತದೆ ಎಂದು ತಮಗೆ ಗೊತ್ತಿತ್ತು, ಆದರೆ ಇಷ್ಟು ತಡೆಯುವವರನ್ನು ನೋಡಿರಲಿಲ್ಲ ಎಂದರು. ಆಮೇಲೆ ಬೀರುವಿನಿಂದ ದಪ್ಪ ಗಾಜಿನ ಒಂದು ಕನ್ನಡಕ ತೆಗೆದರು. ಹಾಕಿಕೊಂಡರೆ ಎಲ್ಲವೂ ಮಂಜು. ಒಳಗಡೆ ಸಣ್ಣ ದೀಪ. ಗಂಟಿಲ್ಲ, ತೊಲೆಯಿಲ್ಲ, ಊರುವುದಕ್ಕೆ ಎಲ್ಲೂ ಜಾಗವಿಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಅವನ ಕಣ್ಣು ಗೂಬೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಆ ಕನ್ನಡಕದ ಒಳಗೆ ಎರಡು ಕಿವಿಗೂ ಕಣ್ಣು ಓಡಿತು. ನಾಗರತ್ನಮ್ಮ ಬಾಗಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ. ಗಂಡನ ಕಣ್ಣು ಹಾಗೆ ಹೇಳೋರು ಕೇಳೋರಿಲ್ಲದೆ ಓಡಿದ್ದನ್ನು ಅವಳು ಕಂಡೇ ಇರಲಿಲ್ಲ. ಎಡಗಡೆಯ ಓಟ ಬಲಗಡೆಯದಕ್ಕಿಂತ ಸ್ವಲ್ಪ ಕಡಿಮೆ ಇತ್ತು.

ಆ ಸ್ವಲ್ಪ ಎಂದರೆ ಎಷ್ಟು, ಅದರಿಂದ ಬೀಳುತ್ತೇನೋ ಇಲ್ಲವೋ ಎಂದು ಸಿದ್ದಬಸಪ್ಪ ಕೇಳಿದ. ಡಾಕ್ಟರು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ಇದು ಜ್ವರ ಅಳೆದಂತೆ ಅಲ್ಲ. ಏನೂ ಕಾಯಿಲೆಯಿಲ್ಲದವರಲ್ಲೂ ಎರಡು ಕಿವಿಗೆ ಇಷ್ಟು ವ್ಯತ್ಯಾಸ ಇರುವುದುಂಟು. ಅದೇ ಮನುಷ್ಯನಿಗೆ ಅದೇ ಪರೀಕ್ಷೆ ನಾಳೆ ಮಾಡಿದರೆ ಇನ್ನೊಂದು ಬಗೆ ಬರುವುದುಂಟು. ನೀರಿನ ಬಿಸಿ, ಕಿವಿಯ ರಚನೆ, ನಿದ್ದೆ, ಹೆದರಿಕೆ, ಎಲ್ಲವೂ ಅದರಲ್ಲಿ ಸೇರುತ್ತವೆ. ಜ್ವರ ಬಂದಾಗ ಎಡಕಿವಿ ಪೂರ್ತಿ ಹೋಗಿ ಈಗ ಅರ್ಧ ಬಂದಿದೆಯೋ, ಪೂರ್ತಿ ಬಂದಿದೆಯೋ, ಮೊದಲಿನಿಂದಲೂ ಹೀಗೇ ಇತ್ತೋ, ಮೊದಲು ಅಳೆದಿರಲಿಲ್ಲವಾದ್ದರಿಂದ ಹೇಳಲಾಗದು.

"ದೊಡ್ಡ ದೋಷ ಕಾಣಲಿಲ್ಲ ಅಂತ ಬರ್ಕೊಡ್ತೀನಿ," ಎಂದರು. "ಅದು ನಿಜವೇ. ಆದ್ರೆ ನೀವು ಕೇಳ್ತಿರೋದಕ್ಕೆ ಅದು ಉತ್ತರ ಅಲ್ಲ."

ಗಂಡ ಹೆಂಡತಿ ರೈಲು ಹತ್ತಿ ಊರಿನ ಕಡೆಗೆ ಹೊರಟರು. ಎರಡೂ ಕಿವಿ ಸತ್ತಿದೆ ಎಂದದ್ದೂ ಡಾಕ್ಟರೇ, ಒಂದು ಬಹಳ ದುರ್ಬಲ ಎಂದದ್ದೂ ಅವರೇ, ಎರಡೂ ಬದುಕಿದೆ ಎಂದದ್ದೂ ಅವರೇ. ಆದರೆ ಸಿದ್ದಬಸಪ್ಪನಿಗೆ ಡಾಕ್ಟರ ಮೇಲೆ ಸಂಶಯ ಬರಲಿಲ್ಲ. ಅವನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ. ಇಷ್ಟು ವರ್ಷ ಮರದ ಮೇಲೆ ಗಂಟು ನಿಂತಿದೆ, ಆದ್ದರಿಂದ ನಾನೂ ನಿಂತಿದ್ದೇನೆ ಎಂದುಕೊಂಡಿದ್ದ. ಈಗ ನೋಡಿದರೆ ಒಳಗೆ ತಿರುಗುತ್ತಿದ್ದರೂ ಕಣ್ಣು ಗಂಟನ್ನು ನಿಲ್ಲಿಸಿಬಿಡುತ್ತದೆ. ಡಾಕ್ಟರನ್ನೇ ಏಮಾರಿಸಿದ ಕಣ್ಣು ತನಗೆ ಮಾತ್ರ ನಿಜ ಹೇಳುತ್ತದೆ ಎಂದು ಹೇಗೆ ನಂಬುವುದು? ಕೆ.ಆರ್. ನಗರ ದಾಟಿದ ಮೇಲೆ ಇದನ್ನು ಹೆಂಡತಿಗೆ ಹೇಳಿದ. ಅವಳು, ಹಾಗಾದರೆ ಇನ್ನು ಮೇಲೆ ಯಾರನ್ನು ಕೇಳಬೇಕು ಎಂದಳು.

ಒಂದು ಭಾನುವಾರ ಅವನು ಇದೇ ಪ್ರಶ್ನೆಯನ್ನು ನನಗೂ ಕೇಳಿದ. ನಾನು ಆಗ ಬಿ.ಎಸ್ಸಿ. ಮುಗಿಸಿದ್ದೆ. ಕಿವಿಯ ಚಿತ್ರ ಬರೆದು ಮೂರು ಕೊಳವೆಗಳನ್ನು ತೋರಿಸಿದೆ. ಅವನು ಚಿತ್ರದ ಮಧ್ಯದ ಒಂದು ಚುಕ್ಕೆಯನ್ನು ದಿಟ್ಟಿಸುತ್ತಾ ಕೂತಿದ್ದು, ಇದೆಲ್ಲ ಡಾಕ್ಟರೂ ಹೇಳಿದರು ಎಂದು ಎದ್ದುಹೋದ.

ಡಾಕ್ಟರ ಚೀಟಿ ನೋಡಿ ಚಂದ್ರಯ್ಯನವರಿಗೆ ಸಂತೋಷವಾಯಿತು. ತೋಟಪ್ಪ ಬೋಳಿಸಿದ ಹಾಲುವಾಣಗಳನ್ನು ನೋಡಿ ಸಾಹುಕಾರರು ಬೈದುಹೋಗಿದ್ದರು. ದೊಡ್ಡ ಮರಗಳು ಇನ್ನೂ ಬಾಕಿ ಇದ್ದವು, ಮೋಡ ಕಟ್ಟುತ್ತಿತ್ತು. ನಾಳೆಯಿಂದಲೇ ಹತ್ತು, ಗುಂಪು ನಿನ್ನದೇ ಎಂದರು ಚಂದ್ರಯ್ಯನವರು. ಸಿದ್ದಬಸಪ್ಪ ಅವತ್ತಿನ ಸೊಪ್ಪು ಎಳೆಯಲು ಹೋದ.

ಮರುದಿನ ಗುಂಪಿನವರೆಲ್ಲ ನೋಡುತ್ತಿದ್ದಂತೆ ಅವನು ದೊಡ್ಡ ಮರಗಳನ್ನು ಬಿಟ್ಟು ಒಂದು ಗಿಡ್ಡ ಹಾಲುವಾಣಕ್ಕೆ ಹತ್ತಿದ. ಬಿದ್ದರೂ ಕಾಲು ಉಳುಕಬಹುದು, ಅಷ್ಟೇ. ಕೊಂಬೆಯ ಮೇಲೆ ನಿಂತು, ಕೈ ಸಡಿಲ ಬಿಟ್ಟು, ಮರದ ಮೇಲೆ ಯಾವ ಮರಗಸಿಯವನೂ ಮಾಡದ ಕೆಲಸ ಮಾಡಿದ. ಕಣ್ಣು ಮುಚ್ಚಿದ. ಮೈ ಎಡಕ್ಕೆ ವಾಲಿದಂತಾಯಿತು. ತೆರೆದು ನೋಡಿದರೆ ನೆಟ್ಟಗೇ ಇದ್ದ. ಮತ್ತೆ ಮುಚ್ಚಿದ. ಈ ಸಲ ಏನೂ ಆಗಲಿಲ್ಲ. ಇನ್ನೊಮ್ಮೆ ಮುಚ್ಚಿದಾಗ ಬಲಕ್ಕೆ ವಾಲಿದಂತಾಯಿತು. ಅದು ಕಿವಿಯೋ, ಗಾಳಿಯೋ, ಕೆಳಗೆ ಜನ ನೋಡುತ್ತಿದ್ದಾರೆಂಬ ದಿಗಿಲೋ ಗೊತ್ತಾಗಲಿಲ್ಲ.

ಕೆಳಗಿನಿಂದ ತೋಟಪ್ಪ, "ಏನ್ ಬಸಪ್ಪಣ್ಣ, ಮರದ ಮ್ಯಾಲೆ ನಿದ್ದೆನಾ? ಒಂದು ದಿಂಬು ಕೊಡಾನಾ?" ಎಂದು ಕೂಗಿದ. ಎಲ್ಲರೂ ನಕ್ಕರು.

ಸಿದ್ದಬಸಪ್ಪ ಇಳಿದುಬಂದು ಮರದ ಬುಡದಲ್ಲಿ ಕೂತ. ಊಟದ ಹೊತ್ತಿಗೆ ಬುತ್ತಿ ತಂದ ನಾಗರತ್ನಮ್ಮನಿಗೆ ನಡೆದದ್ದನ್ನು ಹೇಳಿದ. ತನ್ನ ಪರೀಕ್ಷೆಯೂ ಡಾಕ್ಟರ ಪರೀಕ್ಷೆಯ ಹಾಗೇ ಸಲಕ್ಕೊಂದು ಬಗೆ ಹೇಳುತ್ತದೆ ಎಂದ. ಹತ್ತಲೇಬೇಕೆಂದು ಆಸೆ, ಹತ್ತಲು ಅಂಜಿಕೆ. ಅವಳು ಬುತ್ತಿ ಬಿಚ್ಚಲಿಲ್ಲ. ಎದ್ದು ತೋಟದ ಸಾಮಾನು ಇಡುವ ಸ್ಟೋರಿನ ಕಡೆಗೆ ಹೋದಳು. ಬರುವಾಗ ಒಂದು ಹೊಸ ತೆಂಗಿನ ನಾರಿನ ಹಗ್ಗ ತಂದು ಅವನ ಮುಂದೆ ಹಾಕಿದಳು.

"ಸೊಂಟಕ್ಕೆ ಕಟ್ಕಂಡು ಹತ್ತಿ," ಎಂದಳು.

ಇದು ಸಣ್ಣ ಮಾತಲ್ಲ. ನಮ್ಮ ಕಡೆಯ ಮರಗಸಿಯವರು ಕಡಿದ ದಪ್ಪ ಕೊಂಬೆಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಸ್ವಂತ ಮೈಗೆ ಕಟ್ಟಿಕೊಳ್ಳುವವನನ್ನು ಆಳೆಂದೇ ಎಣಿಸುವುದಿಲ್ಲ. ಸಿದ್ದಬಸಪ್ಪನೇ ಎಷ್ಟೋ ಜನ ಹೊಸಬರ ಸೊಂಟದ ಹಗ್ಗ ಬಿಚ್ಚಿಸಿ, ಹೆದರಿಕೆಯಿದ್ದರೆ ಕಳೆ ಕೀಳಲು ಹೋಗು ಎಂದು ಕಳಿಸಿದ್ದ. ಅವನು ಹಗ್ಗವನ್ನು ಮುಟ್ಟದೆ, ಎಲ್ಲರೂ ನಗುತ್ತಾರೆ ಕಣೆ ಎಂದ.

"ನಗ್ಲಿ. ಡಾಕ್ಟ್ರಿಗೇ ಗೊತ್ತಾಗಲಿಲ್ಲ, ನಿಮಗೂ ಗೊತ್ತಾಗ್ತಿಲ್ಲ. ಗೊತ್ತಿಲ್ಲದ ಮೇಲೆ ಕಟ್ಕಳಾದಪ್ಪ. ಇಲ್ಲ, ನನ್ ಜೊತೆ ಮನೆಗೆ ನಡೀರಿ. ಎರಡ್ರಲ್ಲಿ ಒಂದು."

ಅವನು ತಾನೇ ಬುತ್ತಿ ಬಿಚ್ಚಿದ. ಊಟ ಮಾಡಿದ. ಎಲೆ ಅಡಿಕೆ ಹಾಕಿಕೊಂಡ. ಆಮೇಲೆ ಹಗ್ಗ ತೆಗೆದುಕೊಂಡು ಕಣದ ಪಕ್ಕದ ದೊಡ್ಡ ಬಸರಿಯ ಹತ್ತಿರ ಹೋದ. ಕಾಲಿಡಲು ಗೆಣ್ಣಿನ ಕವಲು ಉಳಿಸಿದ ಒಂಟಿ ಬಿದಿರಿನ ಏಣಿ ಆನಿಸಿ ಹತ್ತಿದ. ಕೆಲಸ ಮಾಡುವ ಜಾಗಕ್ಕೆ ಹೋಗಿ, ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ, ಇನ್ನೊಂದನ್ನು ಮೇಲಿನ ಕವಲಿಗೆ ಕಟ್ಟಿದ. ಎಲ್ಲರಿಗೂ ಕಾಣುವಂತೆಯೇ ಕಟ್ಟಿದ.

ಕೆಳಗೆ ಆಳುಗಳೆಲ್ಲ ಕೆಲಸ ಬಿಟ್ಟು ಮೇಲೆ ನೋಡಿದರು. ಆಮೇಲೆ ತೋಟಪ್ಪ, ಹಸುನ ಗೂಟಕ್ಕೆ ಕಟ್ಟಿದಂಗಾಯ್ತಲ್ಲಪ್ಪ ಎಂದ. ಇನ್ನೊಬ್ಬ ಹುಲ್ಲು ಹಾಕಲೇ ಎಂದು ಕೇಳಿದ. ಸಿದ್ದಬಸಪ್ಪ ಮಚ್ಚು ಬೀಸಿದ. ಕಡಿದ ರೆಂಬೆ ಕಾಫಿಯ ಎರಡು ಸಾಲುಗಳ ನಡುವೆ, ಒಂದು ಎಲೆಗೂ ತಾಗದೆ ಬಿತ್ತು. ನಗು ಸ್ವಲ್ಪ ಕಡಿಮೆಯಾಯಿತು.

ಹಗ್ಗದ ತೊಂದರೆ ಏನೆಂಬುದು ಅವನಿಗೆ ಆಮೇಲೆ ತಿಳಿಯಿತು. ಒಂದು ಕವಲಿನ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಹಗ್ಗ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಅಲ್ಲಿ ಹೋಗಿ ಕಟ್ಟುವವರೆಗೂ ಅವನು ಹಿಂದಿನ ಸಿದ್ದಬಸಪ್ಪನೇ. ಹಗ್ಗವಿಲ್ಲ, ಎರಡು ಕಾಲು, ಎರಡು ಕಿವಿ. ಮೊದಲೆಲ್ಲ ಯೋಚಿಸದೆ ದಾಟುತ್ತಿದ್ದ ಆ ನಾಲ್ಕು ಮಾರು ಕೊಂಬೆಯ ಮುಂದೆ, ಬಿಚ್ಚಿದ ಹಗ್ಗ ಕೈಯಲ್ಲಿ ಹಿಡಿದು ನಿಂತುಬಿಟ್ಟ. ನೋಟ ಊರಲು ತೊಗಟೆಯಲ್ಲಿ ಒಂದು ಗಂಟು ಸಿಕ್ಕಿತು. ಗಂಟು ಕದಲದೆ ನಿಂತಿತು. ಅದು ನಿಂತದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ.

ಕೆಳಗಿನಿಂದ ನಾಗರತ್ನಮ್ಮ ತಲೆಯೆತ್ತಿ ನೋಡುತ್ತ ನಿಂತಿದ್ದಳು. "ಹೆಂಗೈತೆ?" ಎಂದು ಕೇಳಿದಳು.

"ಸರ್ಯಾಗೇ ಐತೆ ಅನ್ನಿಸ್ತದೆ," ಎಂದ ಅವನು. ಆಚೆಯ ಕವಲಿನ ಕಡೆ ನೋಡಿ, "ಗೊತ್ತಾಗ್ತಿಲ್ಲ ಕಣೆ," ಎಂದ.

"ಗೊತ್ತಾಗದಿದ್ರೆ ಕೂತ್ಕಂಡು ದಾಟ್ರೀ. ನಿಂತೇ ದಾಟಬೇಕು ಅಂತ ಯಾರ್ ಹೇಳವ್ರೆ."

ತೋಟಪ್ಪನೂ ಉಳಿದವರೂ ಏನಾದರೂ ಅನ್ನುತ್ತಾರೆಯೇ ಎಂದು ಅವನು ಒಂದು ಗಳಿಗೆ ಕಾದ. ತೋಟಪ್ಪ ಬಿದ್ದ ರೆಂಬೆಯ ಸೊಪ್ಪು ಸವರುತ್ತಿದ್ದ. ಸಿದ್ದಬಸಪ್ಪ ಮಚ್ಚನ್ನು ಸೊಂಟದ ಹಿಂದೆ ಸಿಕ್ಕಿಸಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಕೊಂಬೆಯ ಎರಡೂ ಕಡೆಗೆ ಕಾಲು ಇಳಿಬಿಟ್ಟು ಕೂತು, ಎರಡೂ ಕೈಯೂರಿ, ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಾ ಆಚೆಯ ಕವಲಿಗೆ ಹೋದ. ಅಲ್ಲಿ ಎದ್ದು ನಿಂತು ಹಗ್ಗವನ್ನು ಮತ್ತೆ ಕಟ್ಟಿಕೊಂಡ.